ಹಿಂಬಾಗಿಲಿನ ತಲೆಲೆಕ್ಕ

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ನೀರಿನ ಕ್ಯಾನು ಬದಲಾಯಿಸುವಾಗ ಒಂದಿಷ್ಟು ನೀರು ಕೆಳಗೆ ಚೆಲ್ಲಿತು. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಕ್ಯಾನಿನ ಅಡಿಗೆ ಹಾಸಿರುವ ಕಪ್ಪು ರಬ್ಬರ್ ಚಾಪೆಯನ್ನು ಕಾಲೊರೆಸುವ ಚಾಪೆ ಎಂದು ನೀವು ತಿಳಿದರೆ ತಪ್ಪಲ್ಲ. ಆದರೆ ಅದು ಜನರನ್ನು ಎಣಿಸುವ ಯಂತ್ರ. ಈಗ ನಿವೃತ್ತಿಯಾಗಿದೆ.

ನಮ್ಮದು ಹುಣಸೂರಿನಲ್ಲಿ ಬಟ್ಟೆ ಅಂಗಡಿ. ಮುಂಬಾಗಿಲು ಮುಖ್ಯರಸ್ತೆಗೆ, ಹಿಂಬಾಗಿಲು ಬಸ್ ನಿಲ್ದಾಣದ ಕಡೆಯ ಗಲ್ಲಿಗೆ. ಹಠ ಹಿಡಿದು ಹಿಂಬಾಗಿಲು ತೆಗೆಸಿದವರು ನನ್ನ ಸೋದರತ್ತೆ ರಾಜಮ್ಮ. ಆ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಎಚ್.ಡಿ. ಕೋಟೆ ಬಸ್ಸಿನಿಂದ ಇಳಿದ ಹೆಂಗಸರಿರಲಿ, ಗುರುಪುರದ ಟಿಬೆಟಿಯನ್ ಕ್ಯಾಂಪಿನ ಅಜ್ಜಿಯಿರಲಿ, ಎಲ್ಲರಿಗೂ ಒಂದೇ ಮಾತು: "ಬನ್ನಿ, ಕೂತ್ಕಳಿ, ಮೊದ್ಲು ನೀರು ಕುಡೀರಿ." ಸೀರೆಯ ವಿಷಯ ಆಮೇಲೆ.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಆ ಬಾಗಿಲು ಮುಚ್ಚಿಸಿ, ಹಿಂಭಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಡುವ ಯೋಚನೆ ಬಂತು.

"ಅಲ್ಲಿಂದ ಯಾರು ಬತ್ತಾರೆ ಅತ್ತೆ? ಸುಮ್ನೆ ಜಾಗ ವೇಸ್ಟು" ಎಂದ.

"ಅರ್ಧ ಗಿರಾಕಿ ಅಲ್ಲಿಂದ್ಲೇ ಬರೋದು ಕಣಪ್ಪ" ಎಂದರು ಅತ್ತೆ.

ಇಬ್ಬರೂ ಎಣಿಸಿ ನೋಡಿದವರಲ್ಲ. ಆದರೆ ಬಾಗಿಲು ಹೋದರೆ ಸ್ಟೂಲೂ ಹೋಗುತ್ತದೆ, ಅತ್ತೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ನೆನೆದೇ ನನಗೆ ಸಂಕಟವಾಗುತ್ತಿತ್ತು.

ಯಂತ್ರ ಎಂದರೆ ನನಗೆ ಮೊದಲಿನಿಂದಲೂ ಮರುಳು. ಹೋಳಿಗೆ ಒತ್ತುವ ಯಂತ್ರ ತಂದು, ಹಬ್ಬದ ದಿನ ಮನೆಮಂದಿಗೆಲ್ಲ ಹಪ್ಪಳದಂಥ ಹೋಳಿಗೆ ತಿನ್ನಿಸಿದವಳು ನಾನು. ಮೈಸೂರಿನ ಮಾಲೊಂದರ ಬಾಗಿಲ ಮೇಲೆ ಜನರನ್ನು ಎಣಿಸುವ ಡಬ್ಬಿ ನೋಡಿದ್ದು ನೆನಪಾಯಿತು. ವಿಚಾರಿಸಿ, ಅಂಥವನ್ನು ಮಾರುವ ನಾಗೇಂದ್ರ ಎಂಬವರಿಗೆ ಫೋನ್ ಮಾಡಿದೆ. ಅವರು ಮೂರು ಬಗೆಯ ಯಂತ್ರಗಳನ್ನು ಹೊತ್ತು ಬಂದರು. "ಎಲ್ಲಾನೂ ಇಟ್ಟು ನೋಡಿ ಮೇಡಂ, ಯಾವ್ದು ಸರಿ ಅನ್ಸುತ್ತೋ ಅದನ್ನ ತಗೊಳಿ" ಎಂದರು. ಅಂದು ನನಗೆ ಮಧ್ಯಾಹ್ನದ ಊಟವೂ ನೆನಪಾಗಲಿಲ್ಲ.

ಮೊದಲನೆಯದು ಚಾಪೆ. ತುಳಿದರೆ ಲೆಕ್ಕ. ಪರೀಕ್ಷೆಗೆಂದು ಮೊದಲು ಮುಂಬಾಗಿಲಲ್ಲಿ ಹಾಸಿದೆವು, ಹೊಸ್ತಿಲ ಮೇಲೆ ಸರಿಯಾಗಿ ಕೂತಿತು. ಮರುದಿನ ಸಂಜೆ ನೋಡಿದರೆ ಲೆಕ್ಕ ಹೆಚ್ಚೇನೂ ಏರಿಲ್ಲ, ಅಂಗಡಿ ಮಾತ್ರ ತುಂಬಿತ್ತು. ಬಾಗಿಲ ಬಳಿ ನಿಂತು ನೋಡಿದಾಗ ವಿಷಯ ತಿಳಿಯಿತು. ಹೊಸ್ತಿಲು ಮುಚ್ಚಿಹೋಯಿತಲ್ಲ ಎಂದು ಅತ್ತೆ ಬೆಳಿಗ್ಗೆಯೇ ಚಾಪೆಗೆ ಅರಿಶಿನ ಕುಂಕುಮ ಹಚ್ಚಿ, ಎರಡು ಹೂವು ಇಟ್ಟಿದ್ದರು. ಇನ್ನು ಅದನ್ನು ತುಳಿಯುವವರು ಯಾರು? ಬಂದವರೆಲ್ಲ ಕಾಲೆತ್ತಿ ದಾಟುತ್ತಿದ್ದರು. ನಿಶ್ಚಿಂತೆಯಿಂದ ತುಳಿದದ್ದು ಬೀದಿನಾಯಿ ಒಂದೇ.

ಎರಡನೆಯದು ಕಣ್ಣಿಗೆ ಕಾಣದ ಬೆಳಕಿನ ಗೆರೆ. ಬಾಗಿಲ ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ, ಅಡ್ಡ ಬಂದರೆ ಒಂದು ಲೆಕ್ಕ. ಮದುವೆ ಜವಳಿಗೆ ಭೇರ್ಯದಿಂದ ಬಂದ ಇಡೀ ಬಳಗ ಒಬ್ಬರಿಗೊಬ್ಬರು ಅಂಟಿಕೊಂಡೇ ಒಳಗೆ ನುಗ್ಗಿತು. ಯಂತ್ರಕ್ಕೆ ಅದು ಒಬ್ಬರೇ. ಬಾಗಿಲಲ್ಲಿ ತೂಗುಹಾಕಿದ್ದ ಹಳದಿ ಸೀರೆ ಮಾತ್ರ ಫ್ಯಾನಿನ ಗಾಳಿಗೆ ಹಾರಿ ಹಾರಿ ಗೆರೆಗೆ ಅಡ್ಡ ಬಂದು, ಮಧ್ಯಾಹ್ನದ ಹೊತ್ತಿಗೆ ಹುಣಸೂರಿನ ಅರ್ಧ ಜನ ನಮ್ಮಲ್ಲಿಗೆ ಬಂದುಹೋದಂತೆ ತೋರಿಸಿತು. ಅಣ್ಣ ಬಿದ್ದೂ ಬಿದ್ದೂ ನಕ್ಕ. ನಾನೂ ನಕ್ಕೆ, ಒಳಗೊಳಗೇ ಹೆದರಿಕೆಯಾಗುತ್ತಿದ್ದರೂ.

ಮೂರನೆಯದು ನೆತ್ತಿಯ ಮೇಲಿನ ಕ್ಯಾಮೆರಾ, ಎರಡೂ ಬಾಗಿಲಿಗೆ ಒಂದೊಂದು. ಮೇಲಿನಿಂದ ತಲೆಗಳನ್ನು ನೋಡಿ ಎಣಿಸುತ್ತದೆ. ಒಳಗೆ ಬಂದವರು ಬೇರೆ, ಹೊರಗೆ ಹೋದವರು ಬೇರೆ. ಅದೊಂದು ಮಾತು ಕೇಳಿಯೇ ನನಗೆ ಕುಣಿಯುವಂತಾಯಿತು. ಸ್ಟೂಲಿನ ಮೇಲಿದ್ದ ಅತ್ತೆಯನ್ನು ಮಾತ್ರ ಅದು ಎಣಿಸಲಿಲ್ಲ. "ಅಲ್ಲಾಡದೆ ಕೂತೋರನ್ನ ಇದು ತಗೊಳಲ್ಲ" ಎಂದರು ನಾಗೇಂದ್ರ.

"ಅಂಗಾರೆ ನನ್ನೂ ಸ್ಟೂಲ್ ಜತೆಗೇ ಸೇರಿಸ್ಬುಡ್ತು ಅನ್ನು" ಎಂದು ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ವಾರ ಕಳೆದು ನೋಡಿದಾಗ ಒಳಗೆ ಬಂದವರ ಲೆಕ್ಕದಲ್ಲಿ ಹಿಂಬಾಗಿಲು ಮುಂಬಾಗಿಲಿಗೆ ಸರಿಸಮ ನಿಂತಿತ್ತು. ನಾನು ಗೆದ್ದೆನೆಂದು ಬೀಗಿದೆ. ಅಣ್ಣ ಬಗ್ಗಲಿಲ್ಲ. "ಬಸ್ ಸ್ಟ್ಯಾಂಡಿಂದ ಮೇನ್ ರೋಡಿಗೆ ಅಡ್ಡದಾರಿ ಮಾಡ್ಕಂಡವ್ರೆ ಕಣೆ. ಅವ್ರೆಲ್ಲ ಗಿರಾಕಿಗಳಾ?" ಎಂದ. ಅವನ ಮಾತಿನಲ್ಲಿ ನಿಜವಿತ್ತು.

ಆಗ ನಾಗೇಂದ್ರ ಹೊರಗೆ ಹೋದವರ ಲೆಕ್ಕ ತೆಗೆದು ತೋರಿಸಿದರು. ಹಿಂದಿನಿಂದ ಬಂದವರಲ್ಲಿ ಬಹಳಷ್ಟು ಜನ ಹಿಂದಿನಿಂದಲೇ ಮರಳಿದ್ದರು. ಅಡ್ಡದಾರಿ ಹಿಡಿದವರು ಮರಳುವುದೇಕೆ? ನಾನು, ಅಣ್ಣ, ನಾಗೇಂದ್ರ ಮೂವರೂ ಕೂತು ಕ್ಯಾಮೆರಾದ ಚಿತ್ರ ನೋಡಿದೆವು. ಕೈಯಲ್ಲಿ ನಮ್ಮದೇ ಅಂಗಡಿಯ ಚೀಲ ಹಿಡಿದ ಬಸುರಿ. ಸೊಂಟದಲ್ಲಿ ಕೂಸಿದ್ದವಳು. ಕೋಲೂರಿಕೊಂಡ ಅಜ್ಜಿ, ಅವರ ಹಿಂದೆ ಇನ್ನೊಬ್ಬರು. ಅಣ್ಣ ಎದ್ದು ಮುಂಬಾಗಿಲಿಗೆ ಹೋಗಿ ಮೆಟ್ಟಿಲು ನೋಡಿದ. ರಸ್ತೆ ಅಗಲ ಮಾಡಿದಾಗ ಅಲ್ಲಿನ ಮೆಟ್ಟಿಲುಗಳು ಕಡಿದಾಗಿದ್ದವು. ಹಿಂಬಾಗಿಲಿಗೆ ಮೆಟ್ಟಿಲೇ ಇಲ್ಲ, ಗಲ್ಲಿಯ ಮಟ್ಟಕ್ಕೇ ಇದೆ. ಒಳಗೆ ಬಂದು, "ಬಾಗ್ಲು ಇರ್ಲಿ ಬುಡಿ ಅತ್ತೆ" ಎಂದ. ನಾನು ಅಳುವುದೋ ನಗುವುದೋ ತಿಳಿಯದೆ ಎಲ್ಲರಿಗೂ ಕಾಫಿ ತರಿಸಿದೆ.

ಕ್ಯಾಮೆರಾಗಳು ಉಳಿದವು. ತುಳಿಯಬಾರದ್ದಾಗಿಹೋದ ಚಾಪೆಯನ್ನು ನಾಗೇಂದ್ರ ನಮಗೇ ಬಿಟ್ಟುಹೋದರು.

ಇದನ್ನೆಲ್ಲ ನೆನೆಯುತ್ತಾ ನೆಲ ಒರೆಸುತ್ತಿದ್ದಾಗಲೇ ಗಲ್ಲಿಯಲ್ಲಿ ಆಟೋ ನಿಂತಿತು. ಮಂಡಿ ಆಪರೇಷನ್ ಆದಮೇಲೆ ಅತ್ತೆ ಅಂಗಡಿಯತ್ತ ಬಂದೇ ಇರಲಿಲ್ಲ. ಈಗ ವಾಕರ್ ಹಿಡಿದು, ಒಂದೊಂದೇ ಹೆಜ್ಜೆಯಿಟ್ಟು, ಯಾರ ಕೈಯನ್ನೂ ಹಿಡಿಯದೆ ಹಿಂಬಾಗಿಲು ದಾಟಿ ಬಂದರು. ಬಾಗಿಲ ಮೇಲಿನ ಕ್ಯಾಮೆರಾದ ಹಸಿರು ದೀಪ ಮಿನುಗಿತು. ಗಲ್ಲಾದ ಬಳಿಯ ಪರದೆಯಲ್ಲಿ ಒಂದು ತಲೆ ಹೆಚ್ಚಾಯಿತು.

ನಾನು ಓಡಿಹೋಗುವಷ್ಟರಲ್ಲಿ ಅಣ್ಣ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬನ್ನಿ ಅತ್ತೆ, ಕೂತ್ಕಳಿ," ಎಂದ, "ಮೊದ್ಲು ನೀರು ಕುಡೀರಿ."