ಮಗಳ ಕಾಯಿಲೆ, ಮಗಳ ಕಾರು

ಕ್ಲಚ್ ಸುಟ್ಟ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ, ನನಗೆ ಹಿಡಿಸುತ್ತದೆ. ಇವತ್ತು ಅರಕಲಗೂಡಿನ ಹತ್ತಿರ, ಬಯಲಿನಲ್ಲಿ ಮಾಡಿದ ಮಣ್ಣಿನ ಟ್ರ್ಯಾಕಿನ ಪಕ್ಕ, ಜನರ ಹಿಂದೆ ಅವಿತುಕೊಂಡು ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. ಕಾರುಗಳ ರೇಸು. ಓಡಿಸುವವರಲ್ಲಿ ನನ್ನ ಮಗಳು ಸುಮಾ ಒಬ್ಬಳು. ನಾನು ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಅವಳು ಕರೆದೂ ಇರಲಿಲ್ಲ.

ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸಾಗಿಸಲು ನನ್ನದೊಂದು ಹಳೆಯ ಜೀಪಿತ್ತು. ಅವಳು ಕಲಿತದ್ದು ಅದರಲ್ಲೇ. ಮಟ್ಟೆಯ ರಾಶಿಯ ಸುತ್ತ ಕ್ಲಚ್ ಸುಡುತ್ತ ತಿರುಗುವಳು. "ನೀನು ಮೂರ್ನೇ ಗೇರಲ್ಲೇ ಮುದ್ಕ ಆಗ್ಬುಟ್ಟೆ ಕಣಪ್ಪ" ಎಂದು ನಗುವಳು. ಸುಳ್ಳಲ್ಲ. ನಾಲ್ಕನೆಯದಕ್ಕೆ ಹಾಕಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆಂದು ನಂಬಿದ್ದ ಮೇಧಾವಿ ನಾನು.

ಅದಕ್ಕೂ ಮೊದಲೇ, ಶಾಲೆಗೆ ಹೋಗುವಾಗಲೇ, ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಇಲ್ಲದಿದ್ದರೆ ಸಕ್ಕರೆ ಇಳಿದು ಕಣ್ಣು ಕತ್ತಲಿಡುತ್ತದೆ. ಹಾಸನದ ಡಾಕ್ಟರು ಇಷ್ಟು ಹೇಳಿದರು. ನಾನು ಇನ್ನೊಂದು ಸೇರಿಸಿದೆ: "ಯಾರ್ಗೂ ಯೋಳ್ಬೇಡ ಕಣವ್ವ. ನಾಳೆ ಗಂಡು ಸಿಕ್ಕಲ್ಲ."

ಹೊಳೆನರಸೀಪುರದಲ್ಲಿ ನೆಂಟರ ಮದುವೆ. ಬಚ್ಚಲಲ್ಲಿ ಗುಟ್ಟಾಗಿ ಚುಚ್ಚಿಕೊಂಡು ಬಂದು ಎಲೆಯ ಮುಂದೆ ಕೂತಳು. ಗಂಡಿನ ಕಡೆಯವರದು ಮೊದಲಾಗಲಿ ಎಂದು ನಮ್ಮನ್ನು ಎಬ್ಬಿಸಿದರು. ಸಕ್ಕರೆ ಇಳಿದು ಅವಳ ಕೈ ನಡುಗುತ್ತಿತ್ತು. ನಾನು ಒಂದು ಲಾಡು ಕೇಳಬಹುದಿತ್ತು. ಕೇಳಲಿಲ್ಲ. ಕುಸಿದುಬಿದ್ದಾಗ "ಬಿಸ್ಲು ಕಣ್ರೀ, ತಲೆ ಸುತ್ತು" ಎಂದೆ.

ದೊಡ್ಡವಳಾಗಿ ರೇಸಿಗೆ ಇಳಿದಳು. ಒಮ್ಮೆ ಓಡಿಸುತ್ತಿರುವಾಗಲೇ ಸಕ್ಕರೆ ಇಳಿಯಿತು. ದಾರಿ ಹೇಳಲು ಪಕ್ಕದಲ್ಲಿ ಕೂತಿದ್ದ ಗೆಳತಿಯ ಹತ್ತಿರವೂ ಬಾಯಿಬಿಡಲಿಲ್ಲ. ಕಾರು ಹಳ್ಳಕ್ಕೆ ಬಿತ್ತು. ಗೆಳತಿಯ ತೋಳು ಮುರಿಯಿತು.

"ಯೋಳಕ್ಕೇನಾಗಿತ್ತೆ ನಿಂಗೆ?" ಎಂದು ಆಸ್ಪತ್ರೆಯಲ್ಲಿ ಗದರಿದೆ.

"ಯೋಳ್ಬೇಡ ಅಂತ ಕಲ್ಸಿದ್ದು ಯಾರಪ್ಪ?" ಎಂದಳು.

ಆಮೇಲೆ ಹಾಸನದಲ್ಲಿ ರೂಮು ಮಾಡಿಕೊಂಡಳು. ಫೋನು ಮಾಡುತ್ತಾಳೆ, "ಊಟ ಆಯ್ತಾ" ಅನ್ನುತ್ತಾಳೆ, ರೇಸಿನ ಮಾತೆತ್ತುವುದಿಲ್ಲ. ಮನೆಯ ಮುಂದಿನ ಹೈವೇಯಲ್ಲಿ ಯಾರಾದರೂ ಗೇರು ಇಳಿಸಿ ತಿರುವಿನಲ್ಲಿ ನುಗ್ಗಿದರೆ ನಾನು ತುತ್ತು ಕೈಯಲ್ಲೇ ಹಿಡಿದು ಕಿವಿಗೊಡುತ್ತೇನೆ. ಅವಳೇ ಇರಬಹುದೇ ಎಂದು. ಅವಳ ಪಕ್ಕದ ಸೀಟಿನಲ್ಲಿ ಕೂತು ಎಷ್ಟೋ ಕಾಲವಾಯಿತು ನೋಡಿ.

ಇವತ್ತು ಕಾರಿನ ಬಳಿ ಬಂದಾಗ ರೇಸಿನ ಸೂಟಿನ ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಬರಿಯ ತೋಳಿನ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಬಿಳಿ ಬಿಲ್ಲೆ.

"ಅದೇನ್ ಸಾ, ಬ್ಲೂಟೂತಾ?" ಎಂದ, ಪಕ್ಕದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದವನು.

"ಸಕ್ಕರೆ ನೋಡೋ ಮಿಷನ್ನು. ಸಕ್ಕರೆ ಕಾಯಿಲೆ ಐತೆ ಆ ಮಗೀಗೆ" ಎಂದೆ.

"ಅಯ್ಯೋ! ಇಂಥಾದ್ರಲ್ಲಿ ಕಾರ್ ಓಡ್ಸಕ್ಕೆ ಬುಟ್ಟವ್ನಲ್ಲ, ಯಾವನ್ ಸಾ ಅವ್ಳಪ್ಪ?"

"ನಾನೇ ಕಣಪ್ಪ."

ದನಿ ಜೋರಾಗಿಬಿಟ್ಟಿತು. ಮುಂದಿದ್ದವರು ತಿರುಗಿ ನೋಡಿದರು. ಸುಮಾಗೆ ಕೇಳಿಸಲಿಲ್ಲ, ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ಕಾರು ದೂಳೆಬ್ಬಿಸಿ ಹೋಯಿತು. ಎಷ್ಟನೆಯವಳಾಗಿ ಬರುತ್ತಾಳೋ ಗೊತ್ತಿಲ್ಲ. ಬಂದು ಇಳಿಯುವ ಹೊತ್ತಿಗೆ ಹಿಂದೆ ನಿಂತಿರಬಾರದು ಅನ್ನಿಸಿತು.

"ಒಸಿ ದಾರಿ ಬುಡಪ್ಪ" ಎಂದೆ. "ಅವ್ಳಿಗೆ ನಾನು ಕಾಣ್ಬೇಕು."