ತಗಡಿನ ಮುಚ್ಚಳ

ಅಫಜಲಪುರದಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಯ ಪಕ್ಕದಲ್ಲೇ ಹಿರಿಯ ಮೊಬೈಲ್ ಮಿಸ್ತ್ರಿಯೊಬ್ಬರ ಅಂಗಡಿ. ಫೋನಿನಲ್ಲಿ ಗರಗರ ಶಬ್ದ ಬಂದರೆ, ಟವರನ್ನು ಬೈದು ಗಿರಾಕಿಯನ್ನು ಸಾಗಹಾಕುವಷ್ಟು ಜಾಣರು ನಾವೆಲ್ಲ. ಮಿಸ್ತ್ರಿ ಮಾತ್ರ ಕನ್ನಡಕ ಹಣೆಗೇರಿಸಿ, "ಟವರ್ ಪಾಪ ಏನ್ ಮಾಡ್ಯದ್ರಿ?" ಎನ್ನುತ್ತ ಫೋನ್ ಬಿಚ್ಚುತ್ತಿದ್ದರು.

ಒಮ್ಮೆ ಸೊನ್ನ ಗ್ರಾಮದ ಆಶಾ ಕಾರ್ಯಕರ್ತೆಯೊಬ್ಬರು ಅವರಲ್ಲಿಗೆ ಬಂದರು. ಹೆರಿಗೆ ನೋವೆಂದು ಕರೆ ಬಂದಾಗ ಗರಗರದಲ್ಲಿ ಮನೆ ಯಾವುದೆಂದೇ ಕೇಳಿಸಲಿಲ್ಲವಂತೆ. ಹುಡುಕಿ ತಲುಪುವಷ್ಟರಲ್ಲಿ ಕೂಸು ಹುಟ್ಟಿತ್ತಂತೆ.

ಸಿಗ್ನಲ್ ಹಿಡಿಯುವ ಭಾಗಕ್ಕೆ ಬೇರೆ ಭಾಗಗಳ ಗದ್ದಲ ತಾಗದಂತೆ ತಡೆಯುವ ತಗಡಿನ ಮುಚ್ಚಳವೇ ಆ ಫೋನಿನಲ್ಲಿರಲಿಲ್ಲ. ಮಿಸ್ತ್ರಿ ಹಳೆಯ ಫೋನಿನದೊಂದನ್ನು ಬೆಸೆದರು. ಮಾತು ಸ್ವಚ್ಛವಾಗಿ ಕೇಳಿಸಿತು.

"ಇದನ್ನ ಯಾರ್ ತೆಗ್ದಾರ್ರಿ?" ಎಂದರು ಆಕೆ.

ಹೋದ ವಾರ ಆಕೆಯ ಗಂಡ ಆ ಫೋನನ್ನು ನನ್ನಲ್ಲಿಗೆ ರಿಪೇರಿಗೆ ತಂದಾಗ ಮುಚ್ಚಳವನ್ನು ಕಿತ್ತು, ಮರಳಿ ಹಚ್ಚಲು ಬೇಸರವಾಗಿ ಕಸಕ್ಕೆಸೆದ ತಜ್ಞನಾದ ನಾನು ಬಾಗಿಲಲ್ಲೇ ನಿಂತಿದ್ದೆ.

"ತಾನೇ ಬಿದ್ದಿರ್ಬೇಕ್ರಿ," ಎಂದರು ಮಿಸ್ತ್ರಿ, ನನ್ನತ್ತ ನೋಡದೆ.