ಬದಲಿಯವರಿಗೆ ಊರು ತೋರಿಸಿದ ಭಾನುವಾರ

ಹೋದ ಭಾನುವಾರ ನಾನು ಒಂದು ಇಡೀ ಊರನ್ನು ಮಾರಲು ಹೊರಟಿದ್ದೆ.

ಊರು ವಿಶಾಖಪಟ್ಟಣ. ಗಿರಾಕಿ ಹಾವೇರಿಯ ಬಸವರಾಜ್. ಇಷ್ಟು ಹೇಳಿದರೆ ಬ್ಯಾಂಕಿನವರಿಗೆ ಅರ್ಥವಾಗಿಬಿಡುತ್ತದೆ, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಟ್ರಾನ್ಸ್‌ಫರ್ ಆರ್ಡರ್ ಬಂದ ಮಾತ್ರಕ್ಕೆ ಪೆಟ್ಟಿಗೆ ಕಟ್ಟುವಂತಿಲ್ಲ. ನಮ್ಮ ಕುರ್ಚಿಗೆ ಬದಲಿ ಆಸಾಮಿ ಬಂದು ಕೂರಬೇಕು, ಆಮೇಲೆ ನಮಗೆ ಬಿಡುಗಡೆ. ಅವರು ಬರಲಿಲ್ಲವೋ, ಮೈಸೂರಿನ ಆರ್ಡರನ್ನು ಬೀಸಣಿಗೆ ಮಾಡಿಕೊಂಡು ಇಲ್ಲೇ ಗಾಳಿ ಹಾಕಿಕೊಳ್ಳುತ್ತಿರಬೇಕು.

ಮೂರು ವರ್ಷದಿಂದ ಈ ಅಂಕಣದಲ್ಲಿ ನನ್ನ ಗೋಳು ಓದಿದವರು ನೀವು. ಇಲ್ಲಿಯ ಸೆಕೆ, ಇಲ್ಲಿಯ ಖಾರ, ಇಲ್ಲಿಯ ಚಂಡಮಾರುತ. (ಒಂದು ಮೋಡ ಕಂಡರೂ ಮೊಂಬತ್ತಿ ಕೊಳ್ಳುವವನು ನಾನು. ಮನೆಯಲ್ಲಿ ಈಗ ಒಂದು ಚರ್ಚಿಗಾಗುವಷ್ಟಿದೆ.) ಆದರೆ ಟ್ರಾನ್ಸ್‌ಫರ್ ಕೇಳಿದ್ದು ನನಗೋಸ್ಕರ ಅಲ್ಲ, ಸುಧಾಗೋಸ್ಕರ. ಭಾಷೆ ಬರದ ಊರಲ್ಲಿ, ನಾನು ಬ್ಯಾಂಕಿಗೆ ಹೋದಮೇಲೆ, ನನ್ನ ಹೆಂಡತಿ ನಾಲ್ಕು ಗೋಡೆ ನೋಡಿಕೊಂಡು ಕೊರಗುತ್ತಾಳೆ ಅಂತ ನನ್ನ ಲೆಕ್ಕ. ಅವಳು ಹಾಗೆ ಹೇಳಿದ್ದಳೇ? ಇಲ್ಲ. ಕಷ್ಟ ಹೇಳಿಕೊಳ್ಳುವ ಜಾಯಮಾನ ಅವಳದಲ್ಲ ಅಂತ ಅದನ್ನೂ ನಾನೇ ತೀರ್ಮಾನ ಮಾಡಿದ್ದೆ.

ಬಸವರಾಜ್ ಫೋನಿನಲ್ಲೇ ರಾಗ ಎಳೆದಿದ್ದರು. "ಸರ, ಅಲ್ಲಿ ಉಣ್ಣಾಕ ಏನ್ ಸಿಗತೈತ್ರಿ? ನೋಡಾಕ ಏನರ ಐತೇನ್ರಿ?" ಒಮ್ಮೆ ಬಂದು ನೋಡುತ್ತಾರಂತೆ. ಮನಸ್ಸಿಗೆ ಬಾರದಿದ್ದರೆ ಬೆನ್ನುನೋವಿನ ಸರ್ಟಿಫಿಕೇಟ್ ಹಾಕಿ ಆರ್ಡರ್ ಕ್ಯಾನ್ಸಲ್ ಮಾಡಿಸುತ್ತಾರಂತೆ. ಅವರ ಬೆನ್ನಿನ ಮೇಲೆ ನಿಂತಿದ್ದದ್ದು ನನ್ನ ಮೈಸೂರು!

ಬನ್ನಿ, ನಾನೇ ಊರು ತೋರಿಸುತ್ತೇನೆ ಅಂದೆ. ಅಂದಮೇಲೆ ಹೊಳೆಯಿತು: ನಾನೇ ಊರು ನೋಡಿಲ್ಲವಲ್ಲ? ಮೂರು ವರ್ಷ ನಾನು ತಿಂದದ್ದು ಮನೆಯ ಡಬ್ಬಿ, ಸಂಜೆಗೆ ಸುಧಾ ಮಾಡಿಟ್ಟ ಪುನುಗುಲು. (ದೋಸೆಹಿಟ್ಟಿನ ಪುಟ್ಟ ಬೋಂಡ ಅಂದುಕೊಳ್ಳಿ. ಅದೊಂದನ್ನು ಮಾತ್ರ ಆಂಧ್ರದವರಿಗಿಂತ ಚೆನ್ನಾಗಿ ಮಾಡುತ್ತಾಳೆ ಅಂತ ಬ್ರ್ಯಾಂಚಿನಲ್ಲೆಲ್ಲ ಹೇಳಿಕೊಂಡಿದ್ದೆ.) ಕೊನೆಗೆ ನಮ್ಮ ಕ್ಯಾಷಿಯರನ್ನು ಕೇಳಿ ಕಾರ್ಯಕ್ರಮ ಹಾಕಿಕೊಂಡೆ. ಸುಧಾಳನ್ನೂ ಹೊರಡಿಸಿದೆ. ಪಾಪ, ಅವಳೂ ಹೋಗುವ ಮುಂಚೆ ಒಮ್ಮೆ ಊರು ನೋಡಲಿ.

ಮೊದಲು ಪೆಸರಟ್ಟಿನ ಬಂಡಿ. ಹೆಸರುಕಾಳಿನ ದೋಸೆಯ ಹೊಟ್ಟೆಗೆ ಉಪ್ಪಿಟ್ಟು ತುಂಬಿ ಮಡಚಿ ಕೊಡುತ್ತಾರೆ. ಎರಡು ತಿಂಡಿಯನ್ನು ಒಂದೇ ಬಾಯಿಗೆ ಹಾಕುವ ಧೈರ್ಯ ನಮ್ಮ ಮೈಸೂರಿನವರಿಗೆ ಯಾಕೆ ಬರಲಿಲ್ಲವೋ! ಕಾವಲಿಯ ಮುಂದಿದ್ದ ಹೆಂಗಸು ನಮ್ಮಿಬ್ಬರನ್ನು ಏನು ಬೇಕು ಅಂತ ಕೇಳಿದರು. ಸುಧಾಳನ್ನು ಕೇಳಲೇ ಇಲ್ಲ. ಗರಿಗರಿಯಾಗಿ ಒಂದನ್ನು ತೆಗೆದು, ಶುಂಠಿ ಚಟ್ನಿ ಎರಡು ಸೌಟು ಸುರಿದು, ನಕ್ಕು ಕೊಟ್ಟರು. ಹೆಂಗಸರಿಗೆ ಎಷ್ಟು ಮರ್ಯಾದೆ ನೋಡಿ ಈ ಊರಲ್ಲಿ ಅಂತ ಬಸವರಾಜ್‌ಗೆ ತೋರಿಸಿದೆ. ಅವರು ಆಗಲೇ ಮೂರನೆಯದರಲ್ಲಿ ಮುಳುಗಿದ್ದರು.

ಅಲ್ಲಿಂದ ಋಷಿಕೊಂಡ. ಬೆಟ್ಟದ ಮೇಲೆ ಗಾಜಿನ ಐಟಿ ಆಫೀಸು, ಕೆಳಗೆ ಸಮುದ್ರ. ಈಗೀಗ ಇಲ್ಲಿ ಸರ್ಫಿಂಗ್ ಕಲಿಸುತ್ತಾರೆ. ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ, ಅಲೆ ಬಂದಾಗ ಎದ್ದು ನಿಲ್ಲಬೇಕು. (ಯಾಕೆ ನಿಲ್ಲಬೇಕು ಅಂತ ಕೇಳಬೇಡಿ. ಮಲಗಿದ್ದರೇ ಕ್ಷೇಮ ಅಂತ ನನ್ನ ಅಭಿಪ್ರಾಯ.) ನಾನು ವ್ಯಾಪಾರ ಬಿಡಲಿಲ್ಲ. ಇಲ್ಲಿಯ ಸಮುದ್ರ ಹಸುವಿನಂಥದ್ದು, ಏನೂ ಮಾಡುವುದಿಲ್ಲ ಅಂದೆ. ಈ ಹಸುವಿನ ಬಳಿ ನಾನು ಹಿಮ್ಮಡಿ ಮುಳುಗುವುದಕ್ಕಿಂತ ಹತ್ತಿರ ಹೋದವನಲ್ಲ.

"ನೀವು ಮಾಡೀರೇನ್ರಿ ಸರ ಇದನ್ನ?" ಬಸವರಾಜ್ ಕೇಳಿದರು.

ನನ್ನ ಮಂಡಿನೋವನ್ನು ಮುಂದೆ ಬಿಡೋಣ ಅನ್ನುವಷ್ಟರಲ್ಲಿ ಸರ್ಫಿಂಗ್ ಮೇಷ್ಟ್ರು ಅಪ್ಪಲರಾಜು ಬಂದರು. ಬಂದವರು ನಮ್ಮನ್ನು ದಾಟಿ ಸುಧಾಳ ಮುಂದೆ ನಿಂತರು.

"ಏಂಟಿ ಮೇಡಂ, ಈರೋಜು ಚೀರಲೋ ವಚ್ಚಾರು?"

ಇದೇನು ಮೇಡಂ, ಇವತ್ತು ಸೀರೆಯಲ್ಲಿ ಬಂದಿದ್ದೀರಿ ಅಂತ. ಹಾಗಾದರೆ ಉಳಿದ ದಿನ?

ಸುಧಾ ಸಮುದ್ರ ನೋಡಿದಳು. ಬಸವರಾಜ್ ನನ್ನನ್ನು ನೋಡಿದರು. ನಾನು ನೋಡಲು ಏನೂ ಉಳಿದಿರಲಿಲ್ಲ.

ಅಲ್ಲೇ ಮರಳಿನ ಮೇಲೆ ಕೂತು ಸುಧಾ ಎಲ್ಲ ಹೇಳಿದಳು. ಪಕ್ಕದ ಮನೆಯ ವರಲಕ್ಷ್ಮಿಗಾರು (ರಿಟೈರ್ಡ್ ಡ್ರಿಲ್ ಟೀಚರ್, ಶಿಳ್ಳೆ ಇಲ್ಲದೆ ಮಾತಾಡಲು ಬಾರದವರು) ನಾವು ಬಂದ ಹೊಸದರಲ್ಲೇ ಇವಳ ಕೈಹಿಡಿದು ಹೊರಗೆ ಎಳೆದಿದ್ದರಂತೆ. ನನ್ನ ಸ್ಕೂಟರ್ ಗೇಟು ದಾಟಿದರೆ ಸಾಕು, ಇಬ್ಬರೂ ಬಸ್ ಸ್ಟಾಪಿನಲ್ಲಿ. ಕೈಲಾಸಗಿರಿಯ ರೋಪ್‌ವೇ ಆಗಿದೆ. ದಡಕ್ಕೆ ತಂದು ನಿಲ್ಲಿಸಿರುವ ಸಬ್‌ಮರೀನ್ ಒಳಗೆ ಹೊಕ್ಕು ಬಂದಾಗಿದೆ. ಬೇಸಿಗೆಯಲ್ಲಿ ತಾಟಿನಿಂಗು, ಮಳೆಗಾಲದಲ್ಲಿ ಬೀಚ್ ರಸ್ತೆಯ ಸುಟ್ಟ ಜೋಳ, ಮುರಿ ಮಿಕ್ಸ್ಚರ್ ಅನ್ನುವ ಇಲ್ಲಿಯ ಚುರುಮುರಿ. ತೆಲುಗು ಇವಳಿಗೆ ಪೆಸರಟ್ಟಿನ ಬಂಡಿಯಲ್ಲೇ ಬಂತಂತೆ.

ನನಗೆ ಭಯಂಕರವಾದ ಒಂದು ಅನುಮಾನ ಬಂತು. "ಸಂಜೆ ಪುನುಗುಲು?"

"ನಾನೆಲ್ಲಿ ಮಾಡ್ತಿದ್ದೆ? ಬಂಡೀದು. ಹೇಳಿದ್ರೆ ನೀವು ಎಣ್ಣೆ ಯಾವ್ದು ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಿದ್ರಿ."

"ಹಲಗೆ ಮೇಲೆ ನಿಂತೂ ಬಿಟ್ಟೆಯಾ?"

"ಒಂದೇ ಒಂದು ಸಲ," ಅಂದಳು. ಆ 'ಒಂದೇ ಒಂದು' ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ವರಲಕ್ಷ್ಮಿಗಾರು ದಡದಿಂದ ಶಿಳ್ಳೆ ಹೊಡೆದಿದ್ದರಂತೆ.

ಮತ್ತೆ ಈ ಟ್ರಾನ್ಸ್‌ಫರ್ ಬೇಡ ಅಂತ ಯಾಕೆ ಹೇಳಲಿಲ್ಲ ಅಂದೆ. "ನಿಮಗೇ ಇಲ್ಲಿ ಆಗ್ತಾ ಇಲ್ಲ ಅಂದ್ಕೊಂಡಿದ್ದೆ. ಮಲಗಿದ್ರೆ ಫ್ಯಾನ್ ನೋಡ್ಕೊಂಡೇ ಇರ್ತಿದ್ರಲ್ಲ. ಹೋಗ್ಲಿ ಬಿಡಿ, ಮೈಸೂರಲ್ಲೂ ಕಾರಂಜಿ ಕೆರೆ ಇದೆ."

ನಾನು ಫ್ಯಾನ್ ನೋಡುತ್ತಿದ್ದದ್ದು ಇವಳ ಚಿಂತೆಯಲ್ಲಿ! ಇಂಥದ್ದಕ್ಕೆ ನಗುವುದೋ ಅಳುವುದೋ ಗೊತ್ತಾಗದೆ ನಾನು ಪ್ಯಾಂಟು ಮಡಚಿದೆ. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟೆ. ಹಲಗೆಯ ಮೇಲೆ ಬೋರಲು ಬಿದ್ದೆ. ಅಪ್ಪಲರಾಜು ನೂಕಿದರು.

ಎದ್ದು ನಿಲ್ಲಲಿಲ್ಲ, ಗಾಬರಿಯಾಗಬೇಡಿ. ಆದರೆ ಅಲೆ ಬಂದು ಕೆಳಗಿನಿಂದ ನನ್ನನ್ನು ಎತ್ತಿಕೊಂಡು ದಡದತ್ತ ಹೊರಟಿತು ನೋಡಿ, ಆ ಒಂದಿಷ್ಟು ಹೊತ್ತು ನನಗೆ ಗ್ಯಾಸ್ ಆಫ್ ಮಾಡಿದ್ದೇವಾ ಅನ್ನುವುದೂ ನೆನಪಾಗಲಿಲ್ಲ. ಆಮೇಲೆ ಮೂಗಿನ ತುಂಬ ಬಂಗಾಳ ಕೊಲ್ಲಿ.

ನನ್ನ ನಂತರ ಬಸವರಾಜ್ ನುಗ್ಗಿದರು. ಮಗುಚಿದರು, ಮತ್ತೆ ನುಗ್ಗಿದರು. ಮಧ್ಯಾಹ್ನ ಮೆಸ್ಸಿನಲ್ಲಿ ಬಿಸಿ ಅನ್ನಕ್ಕೆ ಬೇಳೆಪುಡಿ, ತುಪ್ಪ, ಮೇಲೆ ಆವಕಾಯಿ ಕಲಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಘೋಷಿಸಿದರು: "ಸರ, ಇಂಥಾ ಊರು ಬಿಟ್ಟು ಯಾಕ ಹೊಂಟೀರಿ? ನಾ ಅಂತೂ ಇದ ವಾರ ಜಾಯಿನ್ ಆಕ್ಕೀನ್ರಿ."

ವ್ಯಾಪಾರ ಕುದುರಿತ್ತು. ಎದುರಿಗೆ ಸುಧಾ ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು.

ಮನೆಗೆ ಬಂದಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವಳನ್ನೇ ಕೇಳಿದೆ: ಇಲ್ಲೇ ಇರೋಣವಾ? ಚಪ್ಪಲಿಯನ್ನೂ ಹಾಕದೆ ವರಲಕ್ಷ್ಮಿಗಾರು ಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಒಂದು ಶಿಳ್ಳೆ ಕೇಳಿಸಿತು.

ಆ ಶಿಳ್ಳೆಗೆ ನಾನು ಏನು ಕೊಟ್ಟರೆ ತೀರುತ್ತದೆ? ಕೇಳದೆಯೇ ಗರಿಗರಿ ಪೆಸರಟ್ಟು ಹಾಕುವ ಆ ಕೈಗೆ? ಅಲೆಯಲ್ಲಿ ಹಲಗೆ ಹಿಡಿದುಕೊಂಡು ನಿಂತ ಅಪ್ಪಲರಾಜುಗೆ? ನಾನು ಮೂರು ವರ್ಷ ಯಾರ ಚಿಂತೆ ಮಾಡಿದೆನೋ, ಅವಳನ್ನು ಇವರೆಲ್ಲ ಮೂರು ವರ್ಷ ನಗಿಸಿದ್ದಾರೆ.

ಸೋಮವಾರ ಬೆಳಿಗ್ಗೆ ಮೇಲಧಿಕಾರಿಯ ಮುಂದೆ ಹೋಗಿ ನಿಂತೆ. ನನ್ನ ಕುರ್ಚಿ ಬಸವರಾಜ್‌ಗೇ ಇರಲಿ, ನನಗೆ ಮೈಸೂರು ಬೇಡ, ಇದೇ ಊರಿನ ಗಾಜುವಾಕ ಬ್ರ್ಯಾಂಚ್ ಕೊಡಿ ಅಂದೆ. ಬಾಗಿಲು ತೆಗೆಯುವ ಮೊದಲೇ ಬೀದಿಯವರೆಗೆ ಕ್ಯೂ ಬೆಳೆಯುವ ಬ್ರ್ಯಾಂಚ್ ಅದು. ಬಾಯಿಬಿಟ್ಟು ಕೇಳಿದವರು ಇದುವರೆಗೆ ಯಾರೂ ಇಲ್ಲ. ನನ್ನ ಸೈನಸ್ಸಿನಿಂದ ಹಿಡಿದು ಅತ್ತೆಯ ಸಕ್ಕರೆ ಕಾಯಿಲೆವರೆಗೆ ಎಲ್ಲ ಅರ್ಜಿ ಓದಿದ್ದ ಪುಣ್ಯಾತ್ಮರು ಕನ್ನಡಕ ಇಳಿಸಿ, ದನಿಯನ್ನೂ ಇಳಿಸಿ, ಮನೆಯಲ್ಲಿ ಏನಾದರೂ ಪ್ರಾಬ್ಲಮ್ಮಾ ಅಂತ ಕೇಳಿದರು.

"ಏನೂ ಇಲ್ಲ ಸಾರ್," ಅಂದೆ, "ಇಲ್ಲ ಅನ್ನೋದು ನಿನ್ನೆ ತಾನೇ ಗೊತ್ತಾಯ್ತು."